ಒರತೆ ಮುಚ್ಚಿದ ವರ್ಷದ ಗಡಿಗೆ

ಪ್ರೀತಿಯ ತಂಗಿ ಹೊಗ್ಲಾಗೆ, ನಿನ್ನ ಅಣ್ಣ ಪೆದಾಯ ಬರೆಯುವುದು. ನಿನ್ನ ಮನೆಗೂ ಮಗನಿಗೂ ಸಮಾಧಾನವಿರಲಿ.

ಈ ಓಲೆಯನ್ನು ನೀನೊಬ್ಬಳೇ ಕೂತು ಓದು. ನಿನ್ನ ಗಂಡ ಹಷಬ್ಯನ ಕೈಗೆ ಕೊಡಬೇಡ, ಓದಿ ಹೇಳು ಎಂದು ಮಗನನ್ನೂ ಕರೆಯಬೇಡ. ತೊಟ್ಟಿಗಳಿಗೆ ಗಾರೆ ಬಳಿಯುವಾಗ ಅಪ್ಪ ಹಸಿ ಗಾರೆಯ ಮೇಲೆ ಕಡ್ಡಿಯಿಂದ ಗೀಚಿ ನಮ್ಮಿಬ್ಬರಿಗೂ ಅಕ್ಷರ ಕಲಿಸಿದ್ದು ಈ ದಿನಕ್ಕಾಗಿಯೇ ಇರಬೇಕು. ನನ್ನ ಅಕ್ಷರ ಈಗಲೂ ಸೊಟ್ಟ. ಊರಬಾಗಿಲಲ್ಲಿ ಕೂರುವ ಬರಹಗಾರನಿಂದ ಬರೆಸಿದ್ದರೆ ನೋಡಲು ಚೆಂದವಿರುತ್ತಿತ್ತು, ಆದರೆ ಇದು ಅವನ ಕಿವಿಗೆ ಹಾಕುವ ಮಾತಲ್ಲ.

ಹೋದ ತಿಂಗಳು ಎಣ್ಣೆ ಹೇರಿಕೊಂಡು ಬಂದ ಕತ್ತೆಯವನು ನಿನ್ನ ಸುದ್ದಿ ತಂದ. "ನಿಮ್ಮ ತಂಗಿ ಮಗನ್ನ ದೇವಾಲಯದ ಸೇವೆಗೆ ಬಿಡ್ತಾರಂತೆ. ಪರ್ಣಶಾಲೆ ಹಬ್ಬಕ್ಕೆ ತಾವೇ ಕೈ ಹಿಡ್ಕೊಂಡು ಯೆರೂಸಲೇಮಿಗೆ ಹೋಗಿ, ಅಂಗಳದಲ್ಲಿ ನಿಂತು ಒಪ್ಪಿಸ್ತಾರಂತೆ. ಪುಣ್ಯವಂತರು ಬಿಡಿ ನೀವು" ಎಂದ. ನಾನು ಅವನಿಗೆ ಅಂಜೂರದ ಉಂಡೆ ಕೊಟ್ಟು, ನಕ್ಕು, ಕಳಿಸಿದೆ. ಅವತ್ತಿನಿಂದ ತಿಂದದ್ದು ಮೈಗೆ ಹತ್ತುತ್ತಿಲ್ಲ.

ಹೊಗ್ಲಾ, ನೀನು ಆ ಅಂಗಳಕ್ಕೆ ಕಾಲಿಡಬಾರದು. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಶ್ಶೂರದ ದಂಡು ಬಂದ ವರ್ಷ ನಿನಗೆ ಮರೆತಿರಲಾರದು. ದಂಡು ಬಯಲಿಗೆ ಇಳಿಯುವ ಮೊದಲೇ ಊರಹಿರಿಯರು ಗೋಡೆಯ ಹೊರಗಿನ ಒರತೆಯನ್ನು ಮುಚ್ಚಿಸಲು ನಿಶ್ಚಯಿಸಿದರು. ಬಂದವರಿಗೆ ಕುಡಿಯಲು ನೀರು ಸಿಗದಿದ್ದರೆ ಬೇಸಿಗೆಗೆ ಮೊದಲೇ ಎದ್ದು ಹೋಗುತ್ತಾರೆ ಎಂಬ ಲೆಕ್ಕ. ಅಪ್ಪನ ಗಾರೆ ಕಸುಬು ಹಿಡಿದವನು ನಾನೇ ಆದ್ದರಿಂದ ಕೆಲಸ ನನಗೇ ಬಂತು. ಅಜ್ಜ ಅಜ್ಜಿಯರ ಕಾಲದಿಂದ ನೀರು ಕೊಟ್ಟ ಬಾಯಿಗೆ ನಾನೇ ಕಲ್ಲು ತುರುಕಿ, ಗಾರೆ ಮೆತ್ತಿ, ಮೇಲೆ ಮಣ್ಣು ಹರಡಿ, ಮುಳ್ಳು ನೆಟ್ಟೆ. ಅಮ್ಮ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದಳು. ನಾನು ಮನೆಗೆ ಬಂದಾಗ, "ನಿಮ್ಮಪ್ಪ ಇದ್ದಿದ್ರೆ ಈ ಕೆಲಸಕ್ಕೆ ಕರಣಿ ಮುಟ್ತಿರ್ಲಿಲ್ಲ" ಎಂದಳು. ಅಪ್ಪ ಹೇಳುತ್ತಿದ್ದದ್ದು ನಿನಗೂ ಗೊತ್ತು. ಮಳೆ ದೇವರದೇ ಆದರೂ ತೊಟ್ಟಿ ನಾವು ತೋಡಿದ್ದು, ಅದರೊಳಗೆ ಇಳಿದ ನೀರು ನಿಂತು ಸಾಯುತ್ತದೆ. ಒರತೆಗೆ ಮಾತ್ರ ಮನುಷ್ಯರ ಕೈ ಸೋಕಿಲ್ಲ, ಅದು ದೇವರ ಬೊಗಸೆಯಿಂದ ನೇರವಾಗಿ ಬರುತ್ತದೆ ಎನ್ನುತ್ತಿದ್ದ. ಹೊಟ್ಟೆಪಾಡಿಗೆ ತೊಟ್ಟಿ ಕಟ್ಟುವವನ ಬಾಯಲ್ಲಿ ಈ ಮಾತು ಕೇಳಿ ನಾವು ನಗುತ್ತಿದ್ದೆವು.

ಊರಿನ ತೊಟ್ಟಿಗಳು ತುಂಬಿದ್ದವು. ಕುಡಿಯಲು ನೀರಿಗೆ ತೊಂದರೆ ಇರಲಿಲ್ಲ. ನಾವು ಯಾರೂ ಯೋಚಿಸದೆ ಬಿಟ್ಟದ್ದು ಬೇರೆಯದೇ ಇತ್ತು. ಜ್ವರ ಬಂದು ಜನ ಸಾಯತೊಡಗಿದ ಮೇಲೆ ಅದು ಹೊಳೆಯಿತು. ಹೆಣ ಮುಟ್ಟಿದವರು ಶುದ್ಧರಾಗಲು ಕೆಂದ ಹಸುವನ್ನು ಸುಟ್ಟ ಬೂದಿಯನ್ನು ಜೀವಂತ ನೀರಿನಲ್ಲಿ, ಅಂದರೆ ಒರತೆಯಿಂದ ಹರಿದು ಬರುವ ನೀರಿನಲ್ಲಿ, ಕದಡಿ ಚಿಮುಕಿಸಬೇಕು. ತೊಟ್ಟಿಯ ನೀರು ಅದಕ್ಕೆ ನಡೆಯದು. ಯಾಜಕ ಯೋಯಾರೀಬನ ಹತ್ತಿರ ಬೂದಿ ಇತ್ತು. ಜೀವಂತ ನೀರನ್ನು ನಾನು ಗೋಡೆಯ ಹೊರಗೆ ಹೂಳಿ ಬಂದಿದ್ದೆ.

ಅಮ್ಮನನ್ನು ತೊಳೆದು ಬಟ್ಟೆ ಸುತ್ತಿದವಳು ನೀನು. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ನಾನು ಗೋಡೆಯ ಮೇಲೆ ಕಾವಲಿಗಿದ್ದೆ. ಇಳಿದು ಬರುವಷ್ಟರಲ್ಲಿ ಅವಳನ್ನು ಹೂಳಿ ಆಗಿತ್ತು, ನಿನ್ನನ್ನು ಗೋಡೆಯ ಬುಡದ ಮೈಲಿಗೆಯವರ ಗುಡಿಸಲಿಗೆ ಕಳಿಸಿ ಆಗಿತ್ತು. ನಿನ್ನ ಹಾಗೆ ಅಲ್ಲಿ ಇನ್ನೂ ಹತ್ತು ಜನ ಇದ್ದರು. ಏಳು ದಿನದಲ್ಲಿ ಕಳೆಯಬೇಕಾದ ಮೈಲಿಗೆ ನಲವತ್ತು ದಿನವಾಯಿತು. ರೊಟ್ಟಿಯನ್ನು ನಿಮ್ಮ ಮುಂದೆ ಕಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದರು. ಹಷಬ್ಯನಿಗೆ ನಿನ್ನನ್ನು ಕೊಡುವುದು ಮೊದಲೇ ಗೊತ್ತಾಗಿತ್ತಲ್ಲ, ಅವನ ತಾಯಿ ಬಂದು ದೂರ ನಿಂತು, "ನಾವು ದೇವಾಲಯದ ಸೇವೆ ಮಾಡೋ ಲೇವಿಯರ ಮನೆಯವರು, ಎಷ್ಟೂಂತ ಕಾಯೋದು" ಎಂದು ಹೇಳಿ ಹೋದಳು. ನೀನು ಊಟ ಬಿಟ್ಟೆ. ಪ್ರಾರ್ಥನೆಯನ್ನೂ ಬಿಟ್ಟೆ. ಒಂದು ದಿನ ನನಗೆ ಕೈ ತೋರಿಸಿ, "ಅಣ್ಣಾ, ಅಮ್ಮನ್ನ ತೊಳೆದ ಕೈ ಇದು. ಇದನ್ನೇ ಇಟ್ಕೊಂಡು ಸಾಯ್ಬೇಕಾ ನಾನು?" ಎಂದು ಕೇಳಿದೆ. ಅಳದೆ ಕೇಳಿದೆ. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಮಾರನೆಯ ದಿನ ನಡುಮಧ್ಯಾಹ್ನ, ದಂಡಿನವರು ಎಣ್ಣೆಮರಗಳ ನೆರಳಲ್ಲಿ ಮಲಗುವ ಹೊತ್ತಿಗೆ, ಗೋಡೆಯ ಬುಡದ ಬಚ್ಚಲುಕಂಡಿಯಲ್ಲಿ ತೆವಳಿ ಹೊರಗೆ ಹೋದೆ. ಯಾವ ಕಲ್ಲು ತೆಗೆದರೆ ಒಂದು ಗಡಿಗೆಯಷ್ಟು ಬರುತ್ತದೆ, ತಿರುಗಿ ಹೇಗೆ ಕೂರಿಸಬೇಕು ಎಂದು ನನಗಲ್ಲದೆ ಯಾರಿಗೂ ಗೊತ್ತಿರಲಿಲ್ಲ. ಮಣ್ಣು ಸರಿಸಿ ಕಲ್ಲಿಗೆ ಕಿವಿಯಿಟ್ಟೆ. ಒಳಗೆ ನೀರು ಹರಿಯುತ್ತಿತ್ತು. ಅಷ್ಟರಲ್ಲಿ ದಂಡಿನ ಇಬ್ಬರು ಹಸಿ ಬಾದಾಮಿ ಕೀಳುತ್ತಾ ಆ ಕಡೆಗೇ ಬಂದರು. ನಾನು ಮುಳ್ಳಿನ ಹಿಂದೆ ನೆಲಕ್ಕೆ ಅಂಟಿಕೊಂಡೆ. ಅವರಲ್ಲೊಬ್ಬ ಅವರ ಭಾಷೆಯಲ್ಲಿ ಏನೋ ಹಾಡುತ್ತಿದ್ದ.

ಅವರು ಹೊರಟುಹೋದರು, ಹೊಗ್ಲಾ. ಅವರು ಹೋದ ಮೇಲೆ ಹೊತ್ತು ಬೇಕಾದಷ್ಟಿತ್ತು. ಕಲ್ಲು ತೆಗೆದರೆ ನೆಲ ಒದ್ದೆಯಾಗುತ್ತದೆ, ಅವರ ಕಣ್ಣಿಗೆ ಬೀಳುತ್ತದೆ, ಊರಿಗೆ ಊರೇ ಹಾಳಾಗುತ್ತದೆ ಎಂದು ಹದಿನಾರು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳೇನಲ್ಲ. ಆದರೆ ಅವತ್ತು ನನ್ನ ತಲೆಯಲ್ಲಿ ಊರು ಇರಲಿಲ್ಲ. ನನಗೆ ಭಯವಾಗಿತ್ತು, ಅಷ್ಟೇ. ಖಾಲಿ ಗಡಿಗೆ ಹಿಡಿದುಕೊಂಡು ಕಂಡಿಯಲ್ಲಿ ತೆವಳಿ ವಾಪಸು ಬಂದೆ. ಮನೆಯ ಹಿತ್ತಲಿಗೆ ಹೋಗಿ, ನಾನೇ ಆ ವರ್ಷ ಹೊಸದಾಗಿ ಗಾರೆ ಬಳಿದಿದ್ದ ತೊಟ್ಟಿಯಲ್ಲಿ ಗಡಿಗೆ ಅದ್ದಿ ತುಂಬಿಸಿದೆ.

ಅದನ್ನೇ ಯಾಜಕನ ಕೈಗೆ ಕೊಟ್ಟೆ. ಯಾರೂ ಏನೂ ಕೇಳಲಿಲ್ಲ. ನನ್ನ ಮೊಣಕಾಲಿನ ಮಣ್ಣು ನೋಡಿದರು, ಅವರಿಗೆ ಅದೇ ಸಾಕಾಯಿತು. ಮೂರನೆಯ ದಿನ, ಏಳನೆಯ ದಿನ, ಸೊಪ್ಪಿನ ಕಟ್ಟನ್ನು ಅದ್ದಿ ನಿಮ್ಮ ಹನ್ನೊಂದು ಜನರ ಮೇಲೂ ಚಿಮುಕಿಸಿದರು. ನೀನು ಓಡಿ ಬಂದು ನನ್ನನ್ನು ತಬ್ಬಿಕೊಂಡೆ. "ನಮ್ಮಣ್ಣ ಜೀವ ಕೈಯಲ್ಲಿ ಹಿಡ್ಕೊಂಡು ಹೋಗಿ ತಂದ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಅವತ್ತಿನಿಂದ ಈ ಊರು ನನ್ನನ್ನು ಒರತೆ ಪೆದಾಯ ಎಂದೇ ಕರೆಯುತ್ತದೆ. ಚಿಕ್ಕ ಮಕ್ಕಳೂ ಹಾಗೆಯೇ ಕರೆಯುತ್ತಾರೆ, ನಾನು ಓಗೊಡುತ್ತೇನೆ.

ದಂಡು ಎದ್ದು ಹೋಯಿತು, ಒರತೆ ತೆರೆದದ್ದಾಯಿತು. ಆಗ ಹೇಳಬಹುದಿತ್ತು. ಆದರೆ ಅದೇ ತಿಂಗಳು ನಿನ್ನ ಮದುವೆ. ಮದುವೆ ಮುಗಿಯಲಿ ಎಂದುಕೊಂಡೆ, ಆಮೇಲೆ ನೀನು ಬಸುರಿ, ಬಾಣಂತನ ಮುಗಿಯಲಿ ಎಂದುಕೊಂಡೆ. ಹುಟ್ಟಿದ ಕೂಸು ಹೋಯಿತು. ಎರಡನೆಯದೂ ಹೋಯಿತು. ಆಗ ನಾನು ನಿನ್ನ ಮನೆಗೆ ಬಂದಿದ್ದೆನಲ್ಲ, ಒಲೆಯ ಮುಂದೆ ಕೂತು ನೀನು ಕೇಳಿದೆ, "ದೇವರು ಯಾವುದಕ್ಕೆ ನನ್ಮೇಲೆ ಮುನಿದಿದ್ದಾನೆ, ಅಣ್ಣಾ?" ನಾನು ಗೊತ್ತಿಲ್ಲ ಎಂದೆ. ಗಡಿಗೆಯದು ಮೊದಲನೆಯ ಸುಳ್ಳು, ಇದು ಎರಡನೆಯದು. ಮೊದಲನೆಯದನ್ನು ಹೆದರಿ ಹೇಳಿದೆ, ಎರಡನೆಯದಕ್ಕೆ ಯಾವ ನೆಪವೂ ನನ್ನಲ್ಲಿಲ್ಲ. ಆ ಕೂಸುಗಳು ನನ್ನ ನೀರಿನಿಂದಲೇ ಹೋದವೋ, ಜ್ವರದಿಂದ ಹೋದವೋ ನನಗೆ ತಿಳಿಯದು. ಮೂರನೆಯವನು ಬದುಕಿ ಉಳಿದಾಗ ನಿನಗಿಂತ ಹೆಚ್ಚು ಅತ್ತವನು ನಾನು.

ಹೋದ ವಾರ ಯೋಯಾರೀಬನ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವನಿಗೀಗ ಕಣ್ಣು ಕಾಣುವುದಿಲ್ಲ. ಬೇಳೆಯ ಗಂಜಿ ಕುಡಿಯುತ್ತಿದ್ದವನು ಬಟ್ಟಲು ಕೆಳಗಿಟ್ಟು, "ನಂಗೆ ಆವತ್ತೇ ಗೊತ್ತಿತ್ತು ಕಣಯ್ಯ. ಗಡಿಗೆ ಬಾಯಿ ಬಿಚ್ಚಿದ ತಕ್ಷಣ ಹೊಸ ಸುಣ್ಣದ ವಾಸನೆ ಹೊಡೀತು" ಎಂದ. ಮತ್ತೆ ಯಾಕೆ ಚಿಮುಕಿಸಿದಿರಿ ಎಂದೆ. "ಹನ್ನೊಂದು ಜನ ನನ್ನ ಮುಖಾನೇ ನೋಡ್ತಾ ಕೂತಿದ್ರು. ನೀನಾಗಿದ್ರೆ ಆ ನೀರು ಚೆಲ್ತಿದ್ಯಾ?" ಎಂದ. ಬಟ್ಟಲಿಗಾಗಿ ನೆಲ ತಡಕುತ್ತಾ, "ಹೊಗ್ಲಾಗೆ ಹೇಳ್ಬೇಡ. ನಾವಿಬ್ಬರೇ ಇದನ್ನ ಮಣ್ಣಿಗೆ ತಗೊಂಡು ಹೋಗೋಣ. ದೇವರು ಕೇಳೋದಿದ್ರೆ ನಮ್ಮನ್ನ ಕೇಳ್ಲಿ" ಎಂದ.

ಎರಡು ದಿನ ಆ ಮಾತನ್ನು ಹಿಡಿದುಕೊಂಡು ನೆಮ್ಮದಿಯಾಗಿದ್ದೆ. ಮೂರನೆಯ ದಿನ ಕೆಲಸ ಮಾಡುತ್ತಿದ್ದಾಗ, ಆ ಅಂಗಳದಲ್ಲಿ ನಿಲ್ಲುವುದು ನಾವಿಬ್ಬರೂ ಅಲ್ಲ, ನೀನು ಎಂಬುದು ನೆನಪಾಯಿತು. ಹೆಣದ ಮೈಲಿಗೆ ಕಳೆಯದೆ ಅಲ್ಲಿ ಕಾಲಿಟ್ಟವರನ್ನು ದೇವರು ತನ್ನ ಜನರ ನಡುವಿನಿಂದ ಕಿತ್ತುಹಾಕುತ್ತಾನೆ ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನನ್ನ ಹೆದರಿಕೆಗೆ ನಿನ್ನನ್ನು ಇನ್ನೊಂದು ಸಲ ಕೊಡಲಾರೆ. ನನ್ನನ್ನು ಶಪಿಸಬೇಕೆನಿಸಿದರೆ ಶಪಿಸು. ನೀನು ಏನೂ ತಪ್ಪು ಮಾಡಿಲ್ಲ. ಈ ಒಂದು ಸಾಲನ್ನು ಮಾತ್ರ ನಿನ್ನ ಗಂಡನಿಗೆ ಓದಿ ಹೇಳು.

ಇನ್ನು ಕೇಳು. ಹಬ್ಬಕ್ಕೆ ಇನ್ನೂ ಮೂರು ವಾರವಿದೆ. ಯೋಯಾರೀಬನ ಮಗ ಈಗ ಯಾಜಕ, ಅವನ ಬಳಿ ಬೂದಿ ಇದೆ, ಅವನಿಗೂ ಎಲ್ಲ ಹೇಳಿದ್ದೇನೆ. ಗುಡಿಸಲಲ್ಲಿ ನಿನ್ನ ಜೊತೆಗಿದ್ದವರಲ್ಲಿ ಬದುಕಿರುವ ಏಳು ಜನರ ಮನೆ ಬಾಗಿಲಿಗೂ ನಾನೇ ಹೋಗಿ ಬಂದೆ. ಒಬ್ಬರು ಉಗಿದರು, ಒಬ್ಬರು ಕೂರಿಸಿ ಊಟಕ್ಕಿಟ್ಟರು. ನೀನು ಓಲೆ ಮುಟ್ಟಿದ ದಿನವೇ ಹೊರಟು ಬಾ, ಮಗನನ್ನೂ ಹಷಬ್ಯನನ್ನೂ ಕರೆದುಕೊಂಡು ಬಾ. ಮೂರನೆಯ ದಿನ, ಏಳನೆಯ ದಿನ ಮುಗಿಸಿ ಇಲ್ಲಿಂದಲೇ ಯೆರೂಸಲೇಮಿಗೆ ಹೋಗಬಹುದು. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ನಾನು ಆ ದಿನಗಳಲ್ಲಿ ಊರಲ್ಲಿರುವುದಿಲ್ಲ.

ಮನೆಯಿಂದ ಒಂದು ಹೊಸ ಗಡಿಗೆ ತಾ. ಒರತೆಗೆ ಇಳಿದು, ಬೊಗಸೆಯೊಡ್ಡಿ, ನೀನೇ ತುಂಬಿಕೋ. ನಾನು ತಂದುಕೊಡುವ ನೀರನ್ನು ಇನ್ನೊಮ್ಮೆ ನಂಬಬೇಡ.

ನಿನ್ನ ಮಗನ ಕಾಲು ಆ ಅಂಗಳದಲ್ಲಿ ಗಟ್ಟಿಯಾಗಿ ನಿಲ್ಲಲಿ, ನಿನ್ನ ಕೈ ಅವನ ಕೈಯಲ್ಲಿರಲಿ ಎಂದು ಬೇಡಿಕೊಳ್ಳುತ್ತಾ,

ನಿನ್ನ ಅಣ್ಣ
ಪೆದಾಯ