ಔರಾದಿನ ನಂಬರು

3 ಜೂನ್, ಮಂಗಳವಾರ

ಇವತ್ತೂ ಬೈಸಿಕೊಂಡೆ. ಭಾತಂಬ್ರಾದ ಒಬ್ಬ ಹೊಸ ಅಪ್ಪ. "ಕೂಸು ಇನ್ನಾ ಕತ್ತ ನಿಂದರ್ಸಿಲ್ಲ, ನೀವ್ ಆಗಲೇ ಇಂಜಿನಿಯರ್ ಮಾಡ್ಲತ್ತೀರೇನ್ರಿ ಮೇಡಮ್?" ಅವರ ಹಿಂದೆ ಯಾರೋ ನಕ್ಕರು. ನನಗೂ ನಗು ಬಂತು. ನಗಬಾರದು, ಕಾಲ್ ರೆಕಾರ್ಡ್ ಆಗುತ್ತದೆ.

ಬೀದರಿನ ನಮ್ಮ ಆಫೀಸು ಅಂದರೆ ಬಟ್ಟೆ ಅಂಗಡಿ ಮೇಲಿನ ಒಂದು ಹಾಲ್. ಮಕ್ಕಳಾದವರಿಗೆ ಫೋನ್ ಮಾಡಿ, ಆ ಮಕ್ಕಳ ಮುಂದಿನ ಓದಿಗೆ ರೊಕ್ಕ ಕಟ್ಟುವ ಪ್ಲಾನ್ ಮಾರಬೇಕು. ಇಲ್ಲಿ ನನ್ನ ಹೆಸರು ಸ್ನೇಹಾ. ಸಿದ್ದೇಶ್ವರಿ ಅಂದರೆ ಹಳ್ಳಿ ಹೆಸರಂತೆ. ಮನೆಯಲ್ಲಿ 'ಕಂಪ್ಯೂಟರ್ ಕೆಲಸ' ಅಂತಷ್ಟೇ ಹೇಳಿದ್ದೇನೆ.

ಮ್ಯಾನೇಜರ್ ಅಮೋಲ್ ಸರ್ ಹೊಸ ಸ್ಕ್ರಿಪ್ಟ್ ಕೊಟ್ಟರು. ಅದರಲ್ಲಿ ಒಂದು ಸಾಲು — ಕೂಸು ಅಳುವುದು ಕೇಳಿದರೆ ಫೋನ್ ಇಡಬೇಡಿ, 'ನೋಡ್ರಿ, ಈಗಿಂದಾನೇ ಫೀಸ್ ಕೇಳ್ಲತ್ತಾನ' ಅನ್ನಿ. ಬಿ.ಎ.ಯಲ್ಲಿ ಕನ್ನಡ ಸಾಹಿತ್ಯ ಓದಿದವಳು ಅಂತ ಸ್ಕ್ರಿಪ್ಟ್ ತಿದ್ದುವ ಕೆಲಸ ನನಗೇ. ತಿದ್ದಿದೆ. ಚೆನ್ನಾಗಿ ಬಂತು. ಅದೇ ಬೇಸರ.

6 ಜೂನ್, ಶುಕ್ರವಾರ. ಭಾಲ್ಕಿ, ಮನೆ

ನಿನ್ನೆ ಅಕ್ಕನಿಗೆ ಹೆರಿಗೆ ಆಯಿತು. ಹೆಣ್ಣು. ಎರಡನೆಯದೂ. ಮುಷ್ಟಿ ಬಿಗಿ ಹಿಡಿದು ಯಾರ ಮೇಲೋ ಸಿಟ್ಟಾದ ಹಾಗೆ ಮಲಗಿದೆ. ಮೊದಲನೆಯವಳು ಕಾಜಲ ಒಂದೇ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಅಕ್ಕನಿಗೆ ರಕ್ತ ಬಹಳ ಹೋಗಿದೆ. ಇನ್ನೊಂದು ಮಾತ್ರ ಬೇಡ, ಜೀವಕ್ಕೆ ಅಪಾಯ ಅಂದರು ಡಾಕ್ಟರ್ ಮೇಡಮ್.

ಭಾವ ಸಂಜುಕುಮಾರ ಔರಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಅವರಿಗೆ ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ — "ಬಾಣಂತಿ, ಕೂಸು ಆರಾಮ್ ಅವ್ರಿ." ಏನು ಕೂಸು ಅಂತ ಅವರು ಕೇಳಿದ ಕೂಡಲೇ "ಲೈನ್ ಸರಿ ಇಲ್ರಿ" ಅಂತ ಇಟ್ಟುಬಿಟ್ಟರು. ಸೋಮವಾರ ಸಕ್ಕರೆ ತೆಗೆದುಕೊಂಡು ಅಪ್ಪ ತಾವೇ ಔರಾದಿಗೆ ಹೋಗುತ್ತಾರೆ. ಅವ್ವ ಹೇಳಿದಳು: "ಇಂಥಾ ಮಾತು ಫೋನಿನ್ಯಾಗ ಹೇಳಬಾರದು. ಎದುರ ಕುಂತು, ಬಾಯಾಗ ಸಕ್ಕರಿ ಇಟ್ಟು ಹೇಳಬೇಕು. ಬಾಯಾಗಿನ ಸಕ್ಕರಿ ಯಾರಿಗೂ ಉಗುಳ್ಲಾಕ ಬರಂಗಿಲ್ಲ."

7 ಜೂನ್, ಶನಿವಾರ

ಪಕ್ಕದ ಟೇಬಲ್ಲಿನ ಫರ್ಹೀನ ಹೊಸ ಪಟ್ಟಿ ತೆಗೆದಳು. ಈ ಪಟ್ಟಿಗಳು ಎಲ್ಲಿಂದ ಬರುತ್ತವೆ, ಯಾರೂ ಕೇಳುವುದಿಲ್ಲ. "ನಮಸ್ಕಾರ್ರಿ, ಔರಾದ ಸಂಜುಕುಮಾರ ಅವರೇನ್ರಿ?" ನನ್ನ ಕಿವಿ ನಿಮಿರಿತು. ಕೂಸಿನ ಹೊಕ್ಕುಳಬಳ್ಳಿ ಇನ್ನೂ ಉದುರಿಲ್ಲ, ಆಗಲೇ ಪಟ್ಟಿಯಲ್ಲಿ ಬಂದಿದೆ! ಎದ್ದು ನಿಂತೆ. ಬೇಡ ಅನ್ನಬೇಕಿತ್ತು. ಒಂದೇ ಮಾತು. ಇಡೀ ಹಾಲ್ ನನ್ನ ಕಡೆ ತಿರುಗುತ್ತದೆ ಅನ್ನಿಸಿತು... ಅಷ್ಟರಲ್ಲಿ —

"ಮುಬಾರಕ್ ರೀ ಸರ್! ಲಕ್ಷ್ಮಿ ಬಂದಾಳ ನಿಮ್ಮನಿಗಿ!"

ಅವರು ನನ್ನ ಭಾವ ಅಂತ ಆಮೇಲೆ ಹೇಳಿದಾಗ ಫರ್ಹೀನ ತಲೆ ಚಚ್ಚಿಕೊಂಡಳು. "ಅರೆ, ಪೈಲೇ ಬೋಲ್ನಾ ಥಾ ನಾ! ಮೊದಲೇ ಹೇಳ್ಲಾಕ ಬಾಯಿ ಇಲ್ಲೇನ್ ನಿನಗ?" ಅವಳದೇನು ತಪ್ಪು.

9 ಜೂನ್

ಅಪ್ಪ ಸಕ್ಕರೆ ವಾಪಸ್ ತಂದರು. ಭಾವನ ತಾಯಿ ಸುಭದ್ರಾಬಾಯಿ ಬಾಗಿಲಲ್ಲೇ ನಿಲ್ಲಿಸಿ ಅಂದರಂತೆ — "ಯಾವಾಕಿನೋ ಕಂಪನಿ ಹುಡಗಿ ಬಾಯಿಂದ ಕೇಳ್ದೆವ್ರಿ ಬೀಗರ. ನಿಮ್ ಸಕ್ಕರಿ ಅಕಿಗೇ ತಿನ್ಸ್ರಿ."

ನೆಪ. ಗಂಡಾಗಿದ್ದರೆ ಯಾರ ಬಾಯಿಂದ ಕೇಳಿದರೂ ಸಿಹಿಯೇ.

ಯಾವ ಕಂಪನಿ ಅಂತ ಮನೆಯಲ್ಲಿ ಬಾಯಿ ಬಿಡಲಿಲ್ಲ.

24 ಜೂನ್, ಮಂಗಳವಾರ

ಭಾವ ಅಕ್ಕನ ಫೋನ್ ಎತ್ತುತ್ತಿಲ್ಲ. ತೊಟ್ಟಿಲಿಗೆ ಹಾಕುವ ಮಾತೇ ಇಲ್ಲ, ಕೂಸಿಗೆ ಹೆಸರಿಲ್ಲ. ಅಕ್ಕ ಫೋನ್ ಎದೆ ಮೇಲೆ ಇಟ್ಟುಕೊಂಡೇ ಹಾಲೂಡಿಸುತ್ತಾಳೆ. "ಸೀಜನ್ ಅದ, ಗಿರಾಕಿ ಇರ್ತಾರ" ಅಂತ ತಾನೇ ಹೇಳಿಕೊಳ್ಳುತ್ತಾಳೆ.

ಆಫೀಸಿನ ಕಂಪ್ಯೂಟರಿನಲ್ಲಿ ಅದೇ ನಂಬರಿನ ಮುಂದೆ ಕೆಂಪು ಗುರುತು: ಹಾಟ್ ಲೀಡ್, ಅಂದರೆ ಇನ್ನೇನು ಪ್ಲಾನ್ ಕೊಳ್ಳುವ ಗಿರಾಕಿ. ಹೆಂಡತಿಯ ಫೋನ್ ಎತ್ತದವರು ನಮ್ಮ ಫೋನ್ ಪ್ರತಿ ಸಲ ಎತ್ತಿದ್ದಾರೆ. ಅಮೋಲ್ ಸರ್ ನನಗೇ ಕೊಟ್ಟರು. "ನಿಮ್ ಮಾತ್ಯಾಗ ಮಿಠಾಸ್ ಅದ. ಗಿರಾಕಿ ಬಿಡಬ್ಯಾಡ್ರಿ."

25 ಜೂನ್, ಮಧ್ಯಾಹ್ನ

ಮಾಡಿದೆ.

ನನ್ನ ದನಿಯ ಗುರುತು ಸಿಗಲಿಲ್ಲ ಭಾವನಿಗೆ. ಹೇಗೆ ಸಿಗಬೇಕು? ಅಕ್ಕನ ಮದುವೆಯಾದಾಗಿನಿಂದ ಅವರೆದುರು ನಾನು ಆಡಿದ್ದು ಹೂಂರಿ, ಇಲ್ರಿ. ನೀರಿನ ಲೋಟ ಇಟ್ಟು ಒಳಗೆ ಓಡಿದವಳು. ಸ್ನೇಹಾ ಹಾಗಲ್ಲ. ಸ್ನೇಹಾ ನಕ್ಕಳು, ಮಳೆ ಹೇಗಿದೆ ಕೇಳಿದಳು, ಸೋಯಾ ಬೀಜದ ರೇಟ್ ಕೇಳಿದಳು. ಅವರೂ ನಕ್ಕರು. ಒಳ್ಳೆಯ ಮಾತುಗಾರರು. ಅಕ್ಕನಿಗೆ ಇದರಲ್ಲಿ ಕಾಲು ಪಾಲು ಸಿಕ್ಕಿದ್ದರೂ...

"ಮೇಡಮ್, ಒಂದ್ ಕೇಳ್ಲೇನ್ರಿ? ಈಗ ಈ ಹುಡಗಿ ಹೆಸರ್ಲೆ ಸುರು ಮಾಡ್ತೇನಿ. ಮುಂದ ಗಂಡು ಹುಟ್ಟಿದ್ರ ಅವನ ಹೆಸರಿಗಿ ಬದಲಿ ಮಾಡ್ಲಾಕ ಬರ್ತದೇನ್ರಿ?"

ಮುಂದ ಗಂಡು. ಡಾಕ್ಟರ್ ಬೇಡ ಅಂದದ್ದು ಅಪ್ಪ ಔರಾದಿಗೆ ಹೋದ ದಿನವೇ ಅಂಗಡಿಗೂ ಹೋಗಿ ಅವರಿಗೆ ತಿಳಿಸಿದ್ದಾರೆ. ಗೊತ್ತಿದ್ದೂ.

ಆ ಪ್ರಶ್ನೆಗೆ ಸ್ಕ್ರಿಪ್ಟಿನಲ್ಲಿ ಉತ್ತರ ಮೊದಲೇ ಇದೆ. ಎಷ್ಟು ಜನ ಅಪ್ಪಂದಿರು ಕೇಳಿರಬೇಕು!

"ಬರ್ತದ್ರಿ ಸರ್."

ಮುಂದಿನದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಅದು ನನ್ನದು. "ಆದ್ರ ಕೂಸಿಗಿ ಹೆಸರಿಟ್ಟಿರಬೇಕ್ರಿ. ತಾಯಿ ಸಹಿ ನಿಮ್ಮೆದುರಿಗೇ ಆಗ್ಬೇಕು. ತಾಯಿ-ಕೂಸು ನಿಮ್ಮನ್ಯಾಗೇ ಇರ್ಬೇಕ್ರಿ, ನಮ್ಮವರು ಬಂದು ನೋಡ್ತಾರ. ಆಫರ್ ಹತ್ತನೇ ತಾರೀಖಿಗಿ ಮುಗೀತದ."

"ಅಕಿ ತವರಾಗ ಇದ್ದಾಳ್ರಿ."

"ಕರ್ಕೊಂಡ್ ಬರ್ರಿ ಸರ್. ಅದರಾಗೇನದ?"

ದನಿ ಒಮ್ಮೆಯೂ ನಡುಗಲಿಲ್ಲ. ಕೂಸಿಗೆ ಅಪ್ಪನನ್ನು ಕೊಡಿಸುತ್ತಿದ್ದೇನೆ ಅಂದುಕೊಂಡೆ. ಏನು ಕೊಡಿಸಿದೆನೋ.

6 ಜುಲೈ, ಭಾನುವಾರ

ಭಾವ ಬಂದರು. ಕೂಸಿಗೆ ಬಸವೇಶ್ವರಿ ಅಂತ ಹೆಸರಿಟ್ಟೆವು. "ಏನರ ಇಡ್ರಿ, ಲಗೂ ಇಡ್ರಿ" ಅಂದರು ಅವರು. ತೊಟ್ಟಿಲು ತೂಗಿದ ಕೈಯಿಂದಲೇ ಅಕ್ಕ ಭಾವ ತಂದ ಪ್ಲಾನಿನ ಕಾಗದಕ್ಕೆ ಸಹಿ ಮಾಡಿದಳು. ಅವ್ವ ಅತ್ತಳು, ಖುಷಿಯಿಂದ. ಊಟಕ್ಕೆ ಬಡಿಸುವಾಗ ಭಾವ ಅಪ್ಪನಿಗೆ ಹೇಳುತ್ತಿದ್ದರು — "ಬರೂ ವರ್ಷ ಮತ್ತೊಂದು ನೋಡಮು ಬಿಡ್ರಿ ಮಾವ. ಡಾಕ್ಟರ್ ಮಂದಿ ಅಂತಿರ್ತಾರ." ಅಪ್ಪ ತಲೆ ಎತ್ತಲಿಲ್ಲ. ನಾನು ಹೋಳಿಗೆ ಬಡಿಸಿದೆ. ಇನ್ನೊಂದು ಬೇಕೇನ್ರಿ ಅಂತಲೂ ಕೇಳಲಿಲ್ಲ.

7 ಜುಲೈ, ಬೆಳಿಗ್ಗೆ

ಜೀಪು ಬಾಗಿಲಿಗೆ ಬಂದಿದೆ. ಅಕ್ಕ ಕಿವಿಗೆ ಬಟ್ಟೆ ಕಟ್ಟಿಕೊಂಡು ನನ್ನ ಹತ್ತಿರ ಬಂದು ಕೂತಳು. ಮುಖ ತುಂಬ ನಗು.

"ಯಾರೋ ಸ್ನೇಹಾ ಮೇಡಮ್ ಅಂತ ನೋಡವ್ವ ಸಿದ್ದು. ಅಕಿ ತಿಳಿಸಿ ಹೇಳಿದ್ ಮ್ಯಾಲೇ ನಿಮ್ ಭಾವನ ಮನಸ್ ತಿರುಗ್ಯದ. ಹೆಣ್ಣಿನ ಹೆಸರ್ಲೆ ರೊಕ್ಕ ಕಟ್ಲತ್ಯಾರ ಅಂದ್ರ ಸಣ್ಣ ಮಾತೇನ? ಅಕಿ ಹೊಟ್ಟಿ ತಣ್ಣಗಿರ್ಲಿ."

ಹೂಂ ಅಂದೆ. ಒಳಗೆ ಬಂದೆ. ಅಡುಗೆಮನೆ ಬಾಗಿಲ ಹಿಂದೆ ನಿಂತು ಬರೆಯುತ್ತಿದ್ದೇನೆ. ಹೇಳಬೇಕಾದ ಮೊದಲ ವಾಕ್ಯ ಬರೆದುಕೊಂಡರೆ ಓದಿಯಾದರೂ ಅಕ್ಕನಿಗೆ ಹೇಳಬಹುದು. ಹಾರ್ನ್ ಹೊಡೆಯುತ್ತಿದ್ದಾರೆ. ಕಾಜಲ ಹತ್ತಿ ಕೂತಾಯಿತು. ಅವ್ವ ಕೂಸಿಗೆ ದೃಷ್ಟಿ ತೆಗೆಯುತ್ತಿದ್ದಾಳೆ.

ಅಕ್ಕಾ, ಹೋಗಬ್ಯಾಡ. ಆ ಸ್ನೇಹಾ ಅಂದ್ರ