ನೋಡದೆ ಬರೆದ ಸೊನ್ನೆ

ಮಾನ್ಯ ನಗರ ಆರೋಗ್ಯಾಧಿಕಾರಿಗಳೇ,

ನೀರಿನ ಟ್ಯಾಂಕಿನ ಹಿಂದಿನ ಉದ್ಯಾನದ ಗೇಟಿಗೆ ನಿಮ್ಮ ಕಚೇರಿಯವರು ಒಂದು ಹಸಿರು ಹಲಗೆ ತೂಗುಹಾಕಿದ್ದಾರೆ. ಅದರ ಮೇಲೆ ‘ಈ ತಿಂಗಳ ಉಣುಗು: ಸೊನ್ನೆ’ ಎಂದು ಬರೆದಿದೆ. ಅದು ಸುಳ್ಳು. ಆ ಸೊನ್ನೆಯಲ್ಲಿ ಒಂದು ಹುಳು ನನ್ನ ಮೊಮ್ಮಗಳ ಕಿವಿಯ ಹಿಂದೆ ರಕ್ತ ಹೀರುತ್ತ ಸಿಕ್ಕಿತು. ಈಗ ಅದು ನನ್ನ ಮೇಜಿನ ಮೇಲೆ, ನಾನು ಗುಂಡಿಗಳನ್ನು ಹಾಕಿಡುವ ಸಣ್ಣ ಶೀಶೆಯಲ್ಲಿದೆ. ಅದರ ಪಕ್ಕದಲ್ಲೇ ಕಾಗದ ಹರವಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ತಡಮಾಡದೆ ಓದಿ ಎಂದು ಕೇಳಿಕೊಳ್ಳಲು ಕಾರಣವಿದೆ. ಜ್ವರ ಬರುವುದಿದ್ದರೆ ಹದಿನಾಲ್ಕು ದಿನದೊಳಗೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇವತ್ತು ಒಂಬತ್ತನೆಯ ದಿನ.

ನಾನು ದರ್ಜಿ. ಮೂವತ್ತೆಂಟು ವರ್ಷದಿಂದ ಒಂದೇ ಅಂಗಡಿ, ಒಂದೇ ಯಂತ್ರ, ಅದರ ಪಕ್ಕದಲ್ಲಿ ಯಾವಾಗಲೂ ಮಗುಚಿಟ್ಟ ಒಂದು ಪುಸ್ತಕ. ಓದಿದ್ದು ನೆನಪಿರುತ್ತದೆ, ಅಳತೆಗಳೂ ನೆನಪಿರುತ್ತವೆ. ಇದು ಒಳ್ಳೆಯ ಗುಣವೆಂದು ಹೇಳಿಕೊಳ್ಳುತ್ತಿಲ್ಲ. ಮುಂದೆ ಓದಿದಾಗ ಇದೊಂದು ಕಾಯಿಲೆಯೆಂದು ನಿಮಗೂ ಅನ್ನಿಸಬಹುದು.

ನನ್ನ ಮೊಮ್ಮಗಳಿಗೆ ಐದು ವರ್ಷ. ನಾವೆಲ್ಲ ಗುಬ್ಬಿ ಎನ್ನುತ್ತೇವೆ. ಅವಳ ತಾಯಿ, ಎಂದರೆ ನನ್ನ ಸೊಸೆ, ಬಸ್ ಕಂಡಕ್ಟರ್. ರಜೆಯ ದಿನ ಮಗುವನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗಿ ಜಾರುಬಂಡೆ ಹತ್ತಿಸಿ, ಹುಲ್ಲಿನಲ್ಲಿ ಉರುಳಾಡಿಸಿಕೊಂಡು ಬಂದಳು. ಹಲಗೆಯನ್ನು ಓದಿಕೊಂಡೇ ಒಳಗೆ ಹೋಗಿದ್ದಳು. ದಿನವೆಲ್ಲ ಟಿಕೆಟಿನ ಮೇಲಿನ ಅಂಕಿಯನ್ನು ನಂಬಿ ಬದುಕುವವಳು, ನಿಮ್ಮ ಅಂಕಿಯನ್ನೂ ನಂಬಿದಳು. ಮರುದಿನ ಬೆಳಿಗ್ಗೆ ತಲೆ ಬಾಚುವಾಗ ಬಲಗಿವಿಯ ಹಿಂದೆ ಬಾಚಣಿಗೆ ಏನಕ್ಕೋ ತಡೆಯಿತು.

“ಮಾವ, ಇಲ್ಲಿ ಬನ್ನಿ. ಇದು ಮಚ್ಚೆನಾ? ನಿನ್ನೆ ಇರಲಿಲ್ವಲ್ಲ.”

ಕನ್ನಡಕ ಏರಿಸಿ ನೋಡಿದೆ. ಎಳ್ಳಿಗಿಂತ ತುಸು ದಪ್ಪ, ಬೂದು ಬಣ್ಣ. ಮಚ್ಚೆಗೆ ಕಾಲಿರುವುದಿಲ್ಲ.

ಎದುರುಮನೆಯ ಅಜ್ಜಿ ಆಗಲೇ ಬಾಗಿಲಲ್ಲಿದ್ದರು. “ಸೀಮೆಎಣ್ಣೆ ಬಿಡಿ, ತಾನಾಗೇ ಬಿದ್ದೋಗುತ್ತೆ. ಇಲ್ಲಾಂದ್ರೆ ಬೆಂಕಿಕಡ್ಡಿ ಗೀರಿ ಸ್ವಲ್ಪ ಬಿಸಿ ತಾಗಿಸಿ.” ಒಳ್ಳೆಯ ಮನಸ್ಸಿನ ಹೆಂಗಸು. ಇಪ್ಪತ್ತು ವರ್ಷದ ಹಿಂದೆ ಅವರು ಹೀಗೆ ಹೇಳುತ್ತಿರಲಿಲ್ಲ. ಆಗ ನಿಮ್ಮ ಕಚೇರಿಯ ತಿಳಿವಳಿಕೆ ಹಾಳೆ ಪ್ರತಿ ಅಂಗಡಿಯ ಗೋಡೆಯ ಮೇಲೂ ಇತ್ತು. ಎಣ್ಣೆ ಬೇಡ, ಬೆಂಕಿ ಬೇಡ, ಕೈಯಲ್ಲಿ ಹಿಸುಕಬೇಡಿ, ತೆಳುಮೂತಿಯ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು, ತಿರುಚದೆ, ಎಳೆದಾಡದೆ, ನೇರ ಮೇಲಕ್ಕೆ ನಿಧಾನವಾಗಿ ಎತ್ತಿ, ಸೋಪಿನಲ್ಲಿ ತೊಳೆದು ತಾರೀಖು ಬರೆದಿಡಿ, ಹುಳುವನ್ನು ಎಸೆಯಬೇಡಿ. ಆ ಹಾಳೆಯ ಕೆಳಗೆ ಕೂತು ವರ್ಷಗಟ್ಟಲೆ ಹೊಲಿದವನು ನಾನು, ಅದರ ಒಂದೊಂದು ಸಾಲೂ ನನಗೆ ಬಾಯಿಪಾಠ. ಹಾಳೆ ಹಳದಿಯಾಗಿ ಉದುರಿಹೋಯಿತು. ಹೊಸದು ಬರಲಿಲ್ಲ. ಸೊನ್ನೆ ಇರುವ ಊರಿಗೆ ಹಾಳೆ ಯಾಕೆ, ಅಲ್ಲವೇ?

ಯಂತ್ರಕ್ಕೆ ದಾರ ಪೋಣಿಸುವ ಚಿಮುಟ ತಂದೆ. ಸೊಸೆ ಮಗುವಿನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ನಾನು ಚಿಮುಟವನ್ನು ಹತ್ತಿರ ತಂದು ಮತ್ತೆ ಹಿಂದಕ್ಕೆಳೆದದ್ದನ್ನು ಕಂಡು, “ಮಾವ, ಸೂಜಿಗೆ ದಾರ ಪೋಣಿಸ್ತಿದ್ದೀನಿ ಅಂದ್ಕೊಳ್ಳಿ. ಬೇರೇನೂ ನೆನೆಸ್ಕೋಬೇಡಿ” ಎಂದಳು. ಹಿಡಿದೆ, ಎತ್ತಿದೆ. ಚರ್ಮ ಒಂದು ಕ್ಷಣ ಡೇರೆಯಂತೆ ಮೇಲೆದ್ದಿತು, ಆಮೇಲೆ ಬಿಟ್ಟುಕೊಟ್ಟಿತು. ಹುಳು ಪೂರ್ತಿಯಾಗಿ ಬಂತು.

ಗುಬ್ಬಿ ಶೀಶೆಯನ್ನು ಬೆಳಕಿಗೆ ಹಿಡಿದು ಕೇಳಿದಳು: “ತಾತ, ಇದ್ರ ಹೊಟ್ಟೇಲಿರೋದು ನನ್ ರಕ್ತನಾ?”

“ಹೂಂ ಕಣೇ.”

“ಹಾಗಾದ್ರೆ ಅದಕ್ಕೆ ಹೇಳು, ವಾಪಸ್ ಕೊಡು ಅಂತ.”

ನಕ್ಕೆವು. ಅದೇ ಕೊನೆ, ಆಮೇಲೆ ಮನೆಯಲ್ಲಿ ನಗು ಕೇಳಿಲ್ಲ. ಏಕೆಂದರೆ ಅದೇ ದಿನ ಮಧ್ಯಾಹ್ನ ಬಡಾವಣೆಯ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಎಚ್ಚರಿಕೆಯವರು. ಗಾಯ ನೋಡಿದರು, ಚೆನ್ನಾಗಿ ತೆಗೆದಿದ್ದೀರಿ ಎಂದರು, ಹದಿನಾಲ್ಕು ದಿನ ಬೆಳಿಗ್ಗೆ ಸಂಜೆ ಜ್ವರ ಅಳೆಯಿರಿ ಎಂದರು. ಆಮೇಲೆ ಯಾವ ಉದ್ಯಾನ ಎಂದು ಕೇಳಿ, ಗೋಡೆಗೆ ಅಂಟಿಸಿದ ನಿಮ್ಮ ಪಟ್ಟಿಯ ಮೇಲೆ ಬೆರಳು ಓಡಿಸಿ, ಒಂದು ಕಡೆ ನಿಲ್ಲಿಸಿದರು.

“ಜ್ವರ ಬಂದ್ರೆ ಒಂದು ಗಂಟೆನೂ ಕಾಯ್ಬೇಡಿ, ತಕ್ಷಣ ಕರ್ಕೊಂಡು ಬನ್ನಿ. ಆದ್ರೆ ಒಂದು ತೊಂದರೆ ಇದೆ ನೋಡಿ. ನಿಮ್ಮ ಉದ್ಯಾನ ಸೊನ್ನೆ ಪಟ್ಟಿಯಲ್ಲಿದೆ. ಸೊನ್ನೆ ಜಾಗದಿಂದ ಬಂದವರ ರಕ್ತವನ್ನ ಉಣುಗು ಜ್ವರದ ಪರೀಕ್ಷೆಗೆ ಕಳಿಸಿದ್ರೆ ಲ್ಯಾಬಿನವರು ವಾಪಸ್ ಕಳಿಸ್ತಾರೆ.”

“ಮತ್ತೇನು ಮಾಡ್ತೀರಮ್ಮ?”

“ಮಾಮೂಲಿ ಜ್ವರ ಅಂತ ನೋಡ್ಬೇಕು. ನಾಲ್ಕು ದಿನ ಬಿಡದೇ ಇದ್ರೆ ಆಮೇಲೆ ಕಳಿಸೋಕೆ ಬರುತ್ತೆ.”

ನಾಲ್ಕು ದಿನ. ಮಾನ್ಯರೇ, ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ನಿಮ್ಮ ಹಲಗೆಯ ಸೊನ್ನೆ ಗೇಟಿನಲ್ಲಿ ತೂಗಾಡುವ ನಿರುಪದ್ರವಿ ಅಲಂಕಾರವಲ್ಲ. ಅದು ಹುಲ್ಲಿನಿಂದ ಪಟ್ಟಿಗೆ, ಪಟ್ಟಿಯಿಂದ ಆಸ್ಪತ್ರೆಯ ಗೋಡೆಗೆ, ಗೋಡೆಯಿಂದ ಡಾಕ್ಟರ ಕೈಗೆ ನಡೆದುಹೋಗಿ ಆ ಕೈಯನ್ನು ಕಟ್ಟಿಹಾಕುತ್ತದೆ. ಉಣುಗಾದರೂ ಇಷ್ಟು ದೂರ ನಡೆಯಲಾರದು.

ಮರುದಿನ ಶೀಶೆ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಎರಡನೆಯ ಮೇಜಿನ ಗುಮಾಸ್ತರು ಕೂರಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಶೀಶೆ ಮುಂದಿಟ್ಟೆ. ಅವರು ಅದನ್ನು ಒಂದು ಬೆರಳಿನಿಂದ ನನ್ನ ಕಡೆಗೇ ಸರಿಸಿದರು.

“ಯಜಮಾನ್ರೇ, ಸೊನ್ನೆ ಇರೋ ಜಾಗದಿಂದ ಸ್ಯಾಂಪಲ್ ತಗೊಳ್ಳೋಕೆ ಬರಲ್ಲ. ತಗೊಂಡ್ರೆ ಅದು ಸೊನ್ನೆ ಆಗಲ್ವಲ್ಲ.”

“ಅದನ್ನೇ ನಾನೂ ಹೇಳ್ತಿರೋದು. ಅಲ್ಲಿ ಯಾರು ಹುಡುಕಿದ್ರು?”

“ಯಾರೂ ಹುಡುಕಿಲ್ಲ. ಹುಡುಕೋ ಹುದ್ದೆನೇ ಖಾಲಿ ಇದೆ.”

“ಮತ್ತೆ ಸೊನ್ನೆ ಎಲ್ಲಿಂದ ಬಂತು?”

ಅವರು ಬೇಸರವಿಲ್ಲದೆ, ಮಗುವಿಗೆ ಮಗ್ಗಿ ಹೇಳಿಕೊಡುವವರಂತೆ ಹೇಳಿದರು: “ನೋಡಿ, ಕಂಪ್ಯೂಟರಲ್ಲಿ ಎಣಿಕೆ ಬರೆಯೋ ಮನೆ ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ, ಕೆಂಪಾಗಿಬಿಡುತ್ತೆ. ಏನಾದ್ರೂ ಒಂದು ಅಂಕಿ ತುಂಬಲೇಬೇಕು. ಇಲ್ಲದ್ದನ್ನ ಹತ್ತು ಅಂತ ಬರೆಯೋಕಾಗುತ್ತಾ? ಅದಕ್ಕೇ ಸೊನ್ನೆ.”

“ಎಷ್ಟು ವರ್ಷದಿಂದ?”

“ಆರು ವರ್ಷ ಆಯ್ತು. ಒಂದು ಸಲಾನೂ ತಪ್ಪಿಸಿಲ್ಲ.” ಆ ಕೊನೆಯ ಮಾತಿನಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ಹಳೆಯ ಕಾಲದ ನಕಾಶೆ ಬರೆಯುವವರ ಬಗ್ಗೆ ಓದಿದ್ದೇನೆ. ತಾವು ಕಾಲಿಡದ ನಾಡನ್ನು ಅವರು ಖಾಲಿ ಬಿಡುತ್ತಿದ್ದರು, ಇಲ್ಲವೇ ಅಲ್ಲೊಂದು ಬಾಯ್ತೆರೆದ ಪ್ರಾಣಿಯ ಚಿತ್ರ ಬರೆಯುತ್ತಿದ್ದರು. ನಮಗೆ ಗೊತ್ತಿಲ್ಲ, ಹುಷಾರು ಎಂದು ಅದರ ಅರ್ಥ. ಕಂಪ್ಯೂಟರನ್ನೇ ಕಾಣದ ಆ ಜನಕ್ಕೆ ಇದ್ದ ಸೌಜನ್ಯ ನಿಮ್ಮ ಯಂತ್ರಕ್ಕಿಲ್ಲ. ‘ಗೊತ್ತಿಲ್ಲ’ ಎನ್ನುವ ಉತ್ತರವನ್ನು ಅದು ಸ್ವೀಕರಿಸುವುದಿಲ್ಲ. ಆದ್ದರಿಂದ ನೀವು ‘ಇಲ್ಲ’ ಎಂದು ಬರೆದಿರಿ. ಎರಡರ ನಡುವಿನ ಅಂತರ ಎಷ್ಟೆಂದು ತಿಳಿಯಬೇಕಾದರೆ ಐದು ವರ್ಷದ ಮಗುವಿನ ಹಣೆಯ ಮೇಲೆ ದಿನಕ್ಕೆ ಹತ್ತು ಸಲ ಅಂಗೈ ಇಟ್ಟು ನೋಡಬೇಕು.

ಈಗ ನನ್ನ ಹಳೆಯ ನೆನಪಿನ ಮಾತು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಉದ್ಯಾನದ ಸುತ್ತಲಿನ ಬೀದಿಗಳಲ್ಲಿ ಒಂದೇ ಬೇಸಿಗೆಯಲ್ಲಿ ಹದಿನಾರು ಜನಕ್ಕೆ ಜ್ವರ ಬಂತು. ಮೊದಲು ಎಲ್ಲರೂ ಮಾಮೂಲಿ ಜ್ವರವೆಂದೇ ಅಂದುಕೊಂಡರು. ನನ್ನ ಅಂಗಡಿಯ ಪಕ್ಕದ ಇಸ್ತ್ರಿಯವನ ಮಗಳು ಶಾಲೆಯ ಸಮವಸ್ತ್ರಕ್ಕೆ ಅಳತೆ ಕೊಟ್ಟು ಹೋದವಳು ಮತ್ತೆ ಬರಲಿಲ್ಲ. ಎದೆ ಇಪ್ಪತ್ತಮೂರು, ಉದ್ದ ಇಪ್ಪತ್ತೇಳು. ಬೆಳೆಯುವ ಮಗು, ಅಂಚಿನಲ್ಲಿ ಮೂರು ಇಂಚು ಒಳಗೆ ಮಡಚಿ ಬಿಡು ಎಂದು ಅವಳಪ್ಪ ಹೇಳಿದ್ದ, ಬಿಟ್ಟಿದ್ದೆ. ಜ್ವರ ಬಂದ ಐದನೆಯ ದಿನ ಅವಳು ಹೋದಳು. ಐದನೆಯ ದಿನ, ಮಾನ್ಯರೇ. ನಿಮ್ಮ ಪಟ್ಟಿಯ ಲೆಕ್ಕದಲ್ಲಿ ಅವಳ ರಕ್ತ ಲ್ಯಾಬಿನ ದಾರಿಯಲ್ಲಿರುತ್ತಿತ್ತು.

ಆ ವರ್ಷ ನಿಮ್ಮ ಕಚೇರಿ ಎಚ್ಚೆತ್ತಿತು. ಒಬ್ಬ ಕ್ಷೇತ್ರ ಕೆಲಸಗಾರರು ನನ್ನ ಅಂಗಡಿಗೆ ಬಂದು, ಬಿಳಿ ಫ್ಲಾನಲ್ ಬಟ್ಟೆ ಹೊಲಿದು ಕೊಡಿ ಎಂದರು. ಒಂದು ಗಜ ಅಗಲ, ಒಂದೂವರೆ ಗಜ ಉದ್ದ. ಮುಂದಿನ ಅಂಚಿನಲ್ಲಿ ಕೋಲು ತೂರಿಸಲು ಅಗಲ ಮಡಿಕೆ, ಕೋಲಿನ ಎರಡು ತುದಿಗೆ ಹಗ್ಗ. ಅದನ್ನು ಹುಲ್ಲಿನ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಬೇಕು, ಹತ್ತು ಹೆಜ್ಜೆಗೊಮ್ಮೆ ಮಗುಚಿ ಎಣಿಸಬೇಕು. ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕಾಯುವ ಉಣುಗು ಬಟ್ಟೆಯನ್ನು ಪ್ರಾಣಿಯೆಂದು ತಿಳಿದು ಹತ್ತಿಕೊಳ್ಳುತ್ತದೆ. ಅಷ್ಟೇ ವಿದ್ಯೆ. ಜನ ಅವರನ್ನು ‘ಬಿಳಿಬಟ್ಟೆ’ ಎಂದೇ ಕರೆದರು. ಪ್ರತಿ ಬೇಸಿಗೆಗೆ ಮುಂಚೆ ಬಂದು ಹೊಸ ಬಟ್ಟೆ ಒಯ್ಯುತ್ತಿದ್ದರು. ಎಣಿಕೆ ಐದು ದಾಟಿದರೆ ಗೇಟು ಮುಚ್ಚುತ್ತಿತ್ತು, ಹುಲ್ಲು ಕತ್ತರಿಸಿ ಔಷಧಿ ಹೊಡೆಯುತ್ತಿದ್ದರು. ಹದಿನಾರು ವರ್ಷ ನಮ್ಮ ಬೀದಿಯಲ್ಲಿ ಆ ಜ್ವರಕ್ಕೆ ಒಂದು ಮಗುವೂ ಹೋಗಲಿಲ್ಲ. ಆಮೇಲೆ ಬಿಳಿಬಟ್ಟೆ ನಿವೃತ್ತರಾದರು. ಮುಂದಿನ ಬೇಸಿಗೆಗೆಂದು ನಾನು ಹೊಲಿದಿಟ್ಟ ಬಟ್ಟೆಯನ್ನು ಒಯ್ಯಲು ಯಾರೂ ಬರಲಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಯಾರೂ ಬರಲಿಲ್ಲವೆಂಬುದು ನನಗೆ ಗೊತ್ತಾಗಿತ್ತು. ಊರಿನಲ್ಲಿ ಬೇರೆ ಯಾರಿಗೂ ಗೊತ್ತಾಗುವ ಸಂಗತಿಯಲ್ಲ ಅದು, ನನಗೊಬ್ಬನಿಗೇ ಗೊತ್ತಾಗುವಂಥದ್ದು. ಜ್ವರ ಹೋಗಿರಬೇಕು ಎಂದುಕೊಂಡೆ. ಶಾಲೆ ಶುರುವಾಗುವ ಕಾಲ, ಕೈತುಂಬ ಸಮವಸ್ತ್ರ. ಬಟ್ಟೆಯನ್ನು ಮಡಚಿ ಬೀರುವಿನ ಮೇಲಿನ ಅರೆಗೆ ಸೇರಿಸಿದೆ. ಆರು ಬೇಸಿಗೆ ಅದು ಅಲ್ಲೇ ಇತ್ತು. ದಾರದ ಉಂಡೆ ತೆಗೆಯುವಾಗೆಲ್ಲ ಅದರ ಅಂಚು ಕಣ್ಣಿಗೆ ಬೀಳುತ್ತಿತ್ತು.

ಮೊನ್ನೆ ಅದನ್ನು ಇಳಿಸಿದೆ. ಬೆಳಿಗ್ಗೆ ಏಳು ಗಂಟೆಗೆ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡು ಉದ್ಯಾನಕ್ಕೆ ಹೋದೆ. ಸೊಸೆ ಎಣಿಸಲು ಬಂದಳು. ಕಾವಲುಗಾರ, ಮಾತಿಗಿಂತ ಸೀಟಿಯನ್ನೇ ಹೆಚ್ಚು ಬಳಸುವುದರಿಂದ ಅವನ ಹೆಸರೇ ಸೀಟಿ, ನಮ್ಮನ್ನು ಕಂಡು ಜೋರಾಗಿ ನಕ್ಕ.

“ಏನ್ ಯಜಮಾನ್ರೇ, ಹುಲ್ಲಿಗೆ ಇಸ್ತ್ರಿ ಮಾಡೋಕೆ ಬಂದ್ರಾ?”

ಜಾರುಬಂಡೆಯಿಂದ ಬೇಲಿಯವರೆಗೆ ಎಳೆದೆ. ಹತ್ತು ಹೆಜ್ಜೆಗೆ ಮಗುಚಿದೆ. ಸೀಟಿ ಬಗ್ಗಿ ನೋಡಿದ.

“ಇದೇನು, ಎಳ್ಳು ಚೆಲ್ಲಿದಂಗಿದೆಯಲ್ಲ...”

ಎಳ್ಳು ನಡೆಯತೊಡಗಿತು. ನಾನು ಎಣಿಸಲು ಮುಖ ಹತ್ತಿರ ತಂದಾಗ ಅವು ನಿಂತವು, ಮುಂಗಾಲು ಎತ್ತಿದವು, ನನ್ನ ಉಸಿರು ತಾಗಿದ ಕಡೆಗೆ ಒಟ್ಟಾಗಿ ತಿರುಗಿದವು. ಸೀಟಿ ಎರಡು ಹೆಜ್ಜೆ ಹಿಂದೆ ಸರಿದು ತನ್ನ ಕಾಲನ್ನು ತಾನೇ ನೋಡಿಕೊಂಡ. “ನನ್ ಮಕ್ಕಳೂ ಇಲ್ಲೇ ಆಡ್ತಾರೆ ಯಜಮಾನ್ರೇ,” ಎಂದ. ಆಮೇಲೆ ಅವನು ನಗಲಿಲ್ಲ, ಸೀಟಿಯನ್ನೂ ಊದಲಿಲ್ಲ. ನಾಲ್ಕು ಸಾಲು ಎಳೆದು ಮುಗಿಸುವ ಹೊತ್ತಿಗೆ ಸೊಸೆಯ ಎಣಿಕೆ ಮೂವತ್ತೊಂದಕ್ಕೆ ಬಂದಿತ್ತು. ಐದಕ್ಕೆ ಗೇಟು ಮುಚ್ಚುತ್ತಿದ್ದ ಜಾಗವಿದು. ನಾವು ಹೊರಬರುವಾಗ ಎರಡು ತಳ್ಳುಗಾಡಿಗಳಲ್ಲಿ ಕೂಸುಗಳನ್ನು ಕೂರಿಸಿಕೊಂಡು ತಾಯಂದಿರು ಒಳಗೆ ಬರುತ್ತಿದ್ದರು. ಸೊಸೆ ತಡೆದು ಹೇಳಿದಳು. ಅವರಲ್ಲೊಬ್ಬರು ನಿಮ್ಮ ಹಲಗೆ ತೋರಿಸಿ, “ಇಲ್ಲಿ ಬರೆದಿದೆಯಲ್ಲಮ್ಮ” ಎಂದು ಒಳಗೆ ನಡೆದರು. ಸರ್ಕಾರದ ಸೊನ್ನೆಯ ಮುಂದೆ ಒಬ್ಬ ದರ್ಜಿಯ ಮೂವತ್ತೊಂದಕ್ಕೆ ಏನು ಬೆಲೆ?

ಇವತ್ತಿನ ಸುದ್ದಿ ಇಷ್ಟು. ಗುಬ್ಬಿ ಊಟವಾದ ಮೇಲೆ ಮಲಗಿದಳು. ಅವಳು ಹಗಲು ಮಲಗುವ ಮಗುವಲ್ಲ. ಮೂರು ಗಂಟೆಗೆ ಹಣೆ ಮುಟ್ಟಿದೆ, ಬೆಚ್ಚಗಿತ್ತು. ಬಿಸಿಲಿಗಿರಬಹುದು. ಥರ್ಮಾಮೀಟರಿನಲ್ಲಿ ತೊಂಬತ್ತೊಂಬತ್ತು ಪಾಯಿಂಟ್ ಎರಡು. ನಾಲ್ಕು ಗಂಟೆಗೆ ತೊಂಬತ್ತೊಂಬತ್ತು ಪಾಯಿಂಟ್ ಎಂಟು. ಸೊಸೆ ಅರ್ಧ ಪಾಳಿಗೆ ರಜೆ ಹಾಕಿ ಬಂದು, ಸಮವಸ್ತ್ರವನ್ನೂ ಬದಲಿಸದೆ, ಮಗುವಿಗೆ ಚಪ್ಪಲಿ ತೊಡಿಸುತ್ತಿದ್ದಾಳೆ. ಇನ್ನು ಹತ್ತು ನಿಮಿಷಕ್ಕೆ ನಾವು ಡಾಕ್ಟರಮ್ಮನ ಎದುರಿರುತ್ತೇವೆ. ಅವರು ರಕ್ತ ತೆಗೆಯುತ್ತಾರೆ. ಆಮೇಲೆ ಗೋಡೆಯ ಪಟ್ಟಿಯ ಕಡೆ ನೋಡುತ್ತಾರೆ.

ನಮ್ಮ ಎಣಿಕೆಯ ಹಾಳೆ, ಸೊಸೆಯ ಮತ್ತು ಸೀಟಿಯ ಸಹಿಯೊಂದಿಗೆ, ಈ ಪತ್ರದ ಜೊತೆಗಿದೆ. ಬಟ್ಟೆಯನ್ನು ಮುಚ್ಚಳ ಬಿಗಿದ ಡಬ್ಬದಲ್ಲಿಟ್ಟು, ಪತ್ರದೊಂದಿಗೆ ನಿಮ್ಮ ಎರಡನೆಯ ಮೇಜಿಗೆ ತಲುಪಿಸಲು ಸೀಟಿಯ ಕೈಗೆ ಕೊಡುತ್ತಿದ್ದೇನೆ; ತೆರೆಯುವಾಗ ಹುಷಾರು, ಅವು ಇನ್ನೂ ಬದುಕಿವೆ. ಪತ್ರಿಕೆಗೆ ಕೊಡುವ ಪ್ರತಿಯನ್ನು ಊರು ನಾಳೆ ಓದುತ್ತದೆ. ನೀವು ಇವತ್ತೇ ಓದಬೇಕು. ಬಿಳಿಬಟ್ಟೆಯ ಹುದ್ದೆ ತುಂಬಿ, ಗೇಟು ಮುಚ್ಚಿ, ಹುಲ್ಲು ಕತ್ತರಿಸಿ ಎಂದೆಲ್ಲ ನಾನು ಕೇಳಬೇಕು, ನಾಳೆಯಿಂದ ದಿನವೂ ಕೇಳುತ್ತೇನೆ. ಆದರೆ ಈ ಸಂಜೆ ಕೇಳುವುದು ಒಂದೇ. ನಿಮ್ಮ ಕೈಯಿಂದಲೇ, ಕಚೇರಿ ಮುಚ್ಚುವ ಮುಂಚೆ, ಆ ಪಟ್ಟಿಯ ಸೊನ್ನೆಯನ್ನು ಹೊಡೆದುಹಾಕಿ ಮೂವತ್ತೊಂದು ಎಂದು ಬರೆಯಿರಿ. ಲ್ಯಾಬಿನವರು ರಕ್ತವನ್ನು ವಾಪಸ್ ಕಳಿಸದಿರಲು ಅಷ್ಟು ಸಾಕು. ಯಂತ್ರ ಕೆಂಪಾದರೆ ಆಗಲಿ. ಆರು ವರ್ಷದ ಹಿಂದೆಯೇ ಆಗಬೇಕಿತ್ತು.

ಇಂತಿ,
ಬಟ್ಟೆ ಒಯ್ಯಲು ಆರು ಬೇಸಿಗೆ ಯಾರೂ ಬಾರದಿದ್ದಾಗ
ಯಾಕೆಂದು ಕೇಳದೆ, ನಿಮ್ಮಂತೆಯೇ ನೋಡದೆ ಕೂತಿದ್ದ
ಒಬ್ಬ ದರ್ಜಿ