ಪ್ರೆಂಗನ ಕಾಗೆಗಳು

ಶ್ಕೋದ್ರ ಬಳಿಯಿಂದ, ಏಪ್ರಿಲ್ ೧೧

ನನ್ನ ಕಂದ ಲುಲಾಶ್,

ಬೆನ್ನುನೋವು ಹೇಗಿದೆ? ಆ ಇಟಲಿಯವರ ಸಿಮೆಂಟು ಮೂಟೆಗಳನ್ನೆಲ್ಲ ನೀನೊಬ್ಬನೇ ಹೊರಬೇಡ. ಆಗುವುದಿಲ್ಲ ಎನ್ನಲು ನಿನಗೆ ಚಿಕ್ಕಂದಿನಿಂದಲೂ ಬಾಯಿ ಬರುವುದಿಲ್ಲ. ನಾನು ಇದ್ದೇನೆ. ಮೊಣಕಾಲು ಹಿಡಿಯುತ್ತದೆ, ಊಟ ಸೇರುವುದಿಲ್ಲ, ಅಷ್ಟೆ. ಮನೆಯ ಫೋನು ಈಗ ನಿನ್ನ ಚಿಕ್ಕಪ್ಪ ಪಾಷ್ಕನ ಜೇಬಿನಲ್ಲಿದೆ. ಅದಕ್ಕೇ ಈ ಕಾಗದ.

ನಿನ್ನ ತಮ್ಮ ಪ್ರೆಂಗನನ್ನು ಗುಂಡಿಟ್ಟು ಕೊಂದರು ಎಂದಷ್ಟೇ ಚಿಕ್ಕಪ್ಪ ನಿನಗೆ ಹೇಳಿದ್ದಾನೆ. ಹೇಗೆ ಸಿಕ್ಕಿಬಿದ್ದ ಎಂಬುದನ್ನು ನಾನೇ ಹೇಳಬೇಕು. ನಿಮ್ಮಪ್ಪ ಹಗೆಯ ಮನೆಯವನೊಬ್ಬನನ್ನು ಕೊಂದು ಜೈಲಿನಲ್ಲೇ ಸತ್ತ ಮೇಲೆ, ಆ ರಕ್ತದ ಸೇಡು ಮಕ್ಕಳ ತಲೆಗೆ ಬಂತೆಂದು ನೀನು ದೂರ ಹೋದೆ, ಪ್ರೆಂಗ ಹೊಸ್ತಿಲು ದಾಟಲಿಲ್ಲ. ಸೇಡಿನ ಕಟ್ಟಳೆಯಂತೆ ಮನೆಯೊಳಗಿದ್ದವನನ್ನು ಯಾರೂ ಮುಟ್ಟುವುದಿಲ್ಲವಲ್ಲ. ಅವನಿಗೆ ಜೊತೆಯೆಂದರೆ ಕಿಟಕಿಗೆ ಬರುವ ಕಾಗೆಗಳು. ಅವನು ಕೊಟ್ಟ ಅಕ್ರೋಟನ್ನು ಒಯ್ದು ದಾರಿಯ ನಡುವೆ ಇಟ್ಟು, ಲಾರಿ ಹಾಯ್ದು ಒಡೆಯುವ ತನಕ ಗೋಡೆಯ ಮೇಲೆ ಕಾಯುತ್ತಿದ್ದವು. "ನೋಡಮ್ಮಾ, ಚಿಕ್ಕಪ್ಪನಿಗಿಂತ ಬುದ್ಧಿ ಜಾಸ್ತಿ ಇವಕ್ಕೆ" ಎಂದು ನಗುತ್ತಿದ್ದ. ಒಂದು ದಿನ ನನ್ನ ಕರಿ ಶಾಲು ಹೊದ್ದು ನಿಂತ, ಇನ್ನೊಂದು ದಿನ ನಿನ್ನ ಹಳೇ ಟೊಪ್ಪಿ ಹಾಕಿಕೊಂಡ. ಏನು ತೊಟ್ಟರೂ ಅವನ ಕೈಗೇ ಬಂದವು. ಅವನ ಕೋಟು ತೊಟ್ಟು ನಾನು ಅಕ್ರೋಟು ಹಿಡಿದರೆ ಒಂದೂ ಹತ್ತಿರ ಸುಳಿಯಲಿಲ್ಲ. "ಬಟ್ಟೆ ಲೆಕ್ಕಕ್ಕಿಲ್ಲ, ಮುಖ ಗುರುತು ಹಿಡೀತಾವೆ ಕಣಮ್ಮಾ" ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಬುದ್ಧಿಗಿಷ್ಟು ಮಣ್ಣು ಹಾಕ, ನಕ್ಕು ಮರೆತೆವು.

ಹೋದ ತಿಂಗಳು ಹಲ್ಲುನೋವು ತಡೆಯಲಾರದೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಹೆಂಗಸರ ಮೇಲೆ ಯಾರೂ ಬಂದೂಕು ಎತ್ತುವುದಿಲ್ಲ ಎಂಬ ಧೈರ್ಯದಲ್ಲಿ ನನ್ನ ಬಟ್ಟೆ ತೊಡಿಸಿ, ತಲೆಗೆ ವಸ್ತ್ರ ಕಟ್ಟಿ, ಬಾಗಿ ನಡೆಯುವುದನ್ನು ಹೇಳಿಕೊಟ್ಟು ಮಧ್ಯಾಹ್ನದ ಬಸ್ಸಿಗೆ ಕಳಿಸಿದೆ. ಥೇಟ್ ನಾನೇ ಹೋಗುತ್ತಿದ್ದ ಹಾಗಿತ್ತು. ಬೇಲಿ ದಾಟುವಷ್ಟರಲ್ಲಿ ಕಾಗೆಗಳು ಇಳಿದವು. ಅವನು ಹೊರಗೆ ಸಿಕ್ಕನಲ್ಲ ಎಂಬ ಸಂಭ್ರಮ ಅವಕ್ಕೆ. ಹೆಗಲ ಮೇಲೆ ಕೂತವು, ಕಾಲಿನ ಮುಂದೆ ಕುಪ್ಪಳಿಸಿದವು. ಶಾಲು ಬೀಸಿ ಓಡಿಸಿದಷ್ಟೂ ಆಟವೆಂದುಕೊಂಡವು. ಆ ಕಾಗೆಗಳು ಯಾರ ಕೈಗೆ ಬರುತ್ತವೆಂದು ಊರಿಗೇ ಗೊತ್ತು. ಕಾಫಿ ಅಂಗಡಿಯ ಮುಂದೆ ಕೂತಿದ್ದ ಆ ಮನೆಯವನು ಎದ್ದು ನಿಂತದ್ದನ್ನು ನಾನು ಕಿಟಕಿಯಿಂದ ಕಂಡೆ. ಹೆಸರು ಹಿಡಿದು ಕೂಗಿದರೆ ನಾನೇ ತೋರಿಸಿಕೊಟ್ಟಂತಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ನೋಡಿದೆ ಮಗಾ.

ಕಾಗೆಗಳು ಈಗಲೂ ಬರುತ್ತವೆ. ನನ್ನ ಹಿಂದೆ ಯಾರಿದ್ದಾರೆಂದು ಇಣುಕಿ ಹೋಗುತ್ತವೆ. ಹಾಳಾಗಿ ಹೋಗಲಿ ಎನಿಸುತ್ತದೆ, ಆದರೆ ಅಟ್ಟಲು ಕೈ ಏಳುವುದಿಲ್ಲ.

ಲೆಕ್ಕ ಮುಗಿಯಿತು ಎನ್ನುತ್ತಾರೆ ಆ ಮನೆಯವರು. ಚಿಕ್ಕಪ್ಪ ಒಪ್ಪುವುದಿಲ್ಲ. "ಹೆಂಗಸಿನ ಬಟ್ಟೆ ಕಂಡೂ ಗುಂಡು ಹೊಡೆದ್ರು. ಇದು ಬೇರೆ ರಕ್ತ, ಇದರ ಸೇಡು ಬಾಕಿ. ಲುಲಾಶ್ ಗಂಡಸಾದ್ರೆ ಬರ್ಲಿ" ಎನ್ನುತ್ತಾನೆ. ಮೊನ್ನೆ ಮದುವೆಮನೆಯಲ್ಲಿ ಅವನಿಗೆ ಕಾಫಿಯನ್ನು ಮೊಣಕಾಲ ಕೆಳಗಿಂದ ಕೊಟ್ಟರಂತೆ, ಸೇಡು ತೀರಿಸದವರಿಗೆ ಕೊಡುವ ಹಾಗೆ. ಆವತ್ತಿನಿಂದ ಬಂದೂಕಿಗೆ ಎಣ್ಣೆ ಹಾಕುತ್ತಿದ್ದಾನೆ. ನೀನೇ ಹೋಗಪ್ಪಾ ಎಂದರೆ ಸೊಂಟನೋವಂತೆ.

ದೇವಮಾತೆ ನಿನ್ನ ತಲೆ ಕಾಯಲಿ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ದಿಲ

ತಾ.ಕ.: ಚಿಕ್ಕಪ್ಪ ಅಂಗಳಕ್ಕೆ ಬಂದ, ಬೇಗ ಬರೆಯುತ್ತೇನೆ. ನಿಮ್ಮಮ್ಮ ಸಾಯುತ್ತಿದ್ದಾಳೆ, ಬೇಗ ಬಾ ಎಂದು ಅವನು ಫೋನು ಮಾಡುತ್ತಾನೆ. ನಂಬಬೇಡ. ಅದು ನಿಜವೇ ಆಗಿದ್ದರೂ ಬರಬೇಡ.